ಸೆಂಟ್ರೋಪಾ ರಿವ್ಯೂ: ಫೋಟೋ ಜೊತೆ ಮನೆಯವರ ಮಾತೂ ಸಿಗೋ ಯಹೂದಿ ಇತಿಹಾಸದ ಸಂಗ್ರಹ

ಹೈಸ್ಕೂಲ್ ಮಕ್ಕಳಿಗೆ ಇಪ್ಪತ್ತನೇ ಶತಮಾನದ ಯುರೋಪ್ ಪಾಠ ಮಾಡೋರಿಗೆ ಈ ಕಷ್ಟ ಗೊತ್ತೇ ಇರುತ್ತೆ. ಯಹೂದಿಗಳು ಅಂದ ತಕ್ಷಣ ಮಕ್ಕಳ ತಲೆಗೆ ಬರೋದು ಮುಳ್ಳುತಂತಿ, ಪಟ್ಟೆಪಟ್ಟೆ ಬಟ್ಟೆ, ಅರವತ್ತು ಲಕ್ಷ ಸಾವು ಅನ್ನೋ ಸಂಖ್ಯೆ, ಅಷ್ಟೇ. ಅದಕ್ಕಿಂತ ಮುಂಚೆ ಆ ಜನ ಎಲ್ಲಿದ್ರು, ಏನ್ ಕೆಲಸ ಮಾಡ್ಕೊಂಡಿದ್ರು, ಮನೇಲಿ ಯಾವ ಭಾಷೆ ಆಡ್ತಿದ್ರು, ಭಾನುವಾರ ಎಲ್ಲಿಗೆ ತಿರುಗಾಡೋಕೆ ಹೋಗ್ತಿದ್ರು, ಇದ್ಯಾವುದೂ ಗೊತ್ತಿರಲ್ಲ, ಹೇಗೆ ಸತ್ರು ಅನ್ನೋದು ಗೊತ್ತು ಹೇಗೆ ಬದುಕಿದ್ರು ಅನ್ನೋದು ಗೊತ್ತಿಲ್ಲ. ಈ ಕೊರತೆ ತುಂಬೋಕೆ ನಾನು ಬಳಸ್ತಿರೋ ಸೈಟ್ ಸೆಂಟ್ರೋಪಾ. ಪೂರ್ತಿ ಫ್ರೀ. ನನ್ನ ಮಟ್ಟಿಗೆ ಮೇಷ್ಟ್ರುಗಳಿಗೆ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೇ ಜಾಗ ಇನ್ನೊಂದಿಲ್ಲ, ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಇದೇನು ಅಂತ. 2000ದಲ್ಲಿ ಎಡ್ವರ್ಡ್ ಸೆರೋಟಾ ಅನ್ನೋ ಅಮೆರಿಕನ್ ಫೋಟೋಗ್ರಾಫರ್, ಪತ್ರಕರ್ತ, ವಿಯೆನ್ನಾದಲ್ಲಿ ಶುರು ಮಾಡಿದ ಸಂಸ್ಥೆ. ಬಾಲ್ಟಿಕ್ ಸಮುದ್ರದಿಂದ ಹಿಡಿದು ಏಜಿಯನ್ ಸಮುದ್ರದವರೆಗೆ 15 ದೇಶಗಳಲ್ಲಿ ಇನ್ನೂ ಬದುಕಿದ್ದ ವಯಸ್ಸಾದ ಯಹೂದಿಗಳ ಮನೆಗೆ ಹೋಗಿ, 1,200ಕ್ಕೂ ಹೆಚ್ಚು ಜನರ ಹತ್ರ ಕೂತು ಮಾತಾಡಿಸಿ ಅವರ ಇಡೀ ಬದುಕನ್ನ ದಾಖಲು ಮಾಡಿದಾರೆ. ಇಲ್ಲಿ ಇಡೀ ಬದುಕು ಅನ್ನೋದೇ ಮುಖ್ಯ. ಹೊಲೊಕಾಸ್ಟಿನ, ಅಂದ್ರೆ ನಾಜಿಗಳು ಯಹೂದಿಗಳನ್ನ ಸಾಮೂಹಿಕವಾಗಿ ಕೊಂದ, ವರ್ಷಗಳನ್ನ ಮಾತ್ರ ಕೇಳಿ ಎದ್ದು ಬಂದಿಲ್ಲ, ಅಜ್ಜ ಅಜ್ಜಿಯಿಂದ ಶುರು ಮಾಡಿ, ಬಾಲ್ಯ, ಸ್ಕೂಲು, ಮೊದಲ ಕೆಲಸ, ಮದುವೆ, ಯುದ್ಧ, ಯುದ್ಧ ಮುಗಿದ ಮೇಲಿನ ಕಮ್ಯುನಿಸ್ಟ್ ಕಾಲ, ಆಮೇಲೆ ಅದೂ ಮುಗಿದದ್ದು, ಎಲ್ಲ ಕೇಳಿದಾರೆ. ಆಮೇಲೆ ಮನೇಲಿದ್ದ ಆಲ್ಬಂ ತೆಗೆಸಿ ಒಂದೊಂದು ಫೋಟೋದಲ್ಲೂ ಯಾರಿದಾರೆ, ಎಲ್ಲಿ ತೆಗೆದದ್ದು, ಆಮೇಲೆ ಇವರೇನಾದ್ರು ಅಂತ ಅವರ ಬಾಯಿಂದಲೇ ಹೇಳಿಸಿ ಸ್ಕ್ಯಾನ್ ಮಾಡ್ಕೊಂಡಿದಾರೆ. ಹೀಗೆ ಸೇರಿದ ಚಿತ್ರಗಳು 20,000ಕ್ಕೂ ಹೆಚ್ಚು.

ವಿಡಿಯೋ ಮಾಡಿಲ್ಲ, ಧ್ವನಿ ರೆಕಾರ್ಡ್ ಮಾಡಿ ಬರಹಕ್ಕೆ ಇಳಿಸಿದಾರೆ. ಇದನ್ನ ಕೆಲವರು ಕೊರತೆ ಅಂತಾರೆ, ನನಗೆ ಪಾಠದ ದೃಷ್ಟಿಯಿಂದ ಇದೇ ಅನುಕೂಲ. ವಿಡಿಯೋದಲ್ಲಿ ಎಂಬತ್ತು ದಾಟಿದ ಅಜ್ಜಿ ಕಾಣ್ತಾರೆ, ಮಕ್ಕಳಿಗೆ ಅಯ್ಯೋ ಪಾಪ ಅನ್ಸುತ್ತೆ, ಕೊನೇವರೆಗೂ ಅವರು ಅಜ್ಜಿಯಾಗೇ ಉಳೀತಾರೆ. ಇಲ್ಲಿ ಓದ್ತಾ ಓದ್ತಾ ಕಣ್ಣ ಮುಂದೆ ಇರೋದು ಹದಿನಾಲ್ಕು ಹದಿನೈದು ವರ್ಷದ ಹುಡುಗಿ, ಫ್ರೆಂಡ್ಸ್ ಜೊತೆ ಸ್ಕೀಯಿಂಗ್ ಹೋಗಿ ನಗ್ತಾ ನಿಂತಿರೋಳು, ಅಂದ್ರೆ ಕ್ಲಾಸಲ್ಲಿ ಕೂತಿರೋ ಮಕ್ಕಳದೇ ವಯಸ್ಸಿನೋಳು. ಅವಳ ಬಗ್ಗೆ ಮಕ್ಕಳು ಕೇಳೋ ಪ್ರಶ್ನೆಗಳೇ ಬೇರೆ ಥರ ಇರ್ತವೆ. ಇವಳು ಯಾವ ಸ್ಕೂಲು, ಪಕ್ಕದಲ್ಲಿರೋನು ಅಣ್ಣನಾ ಅಥವಾ ಫ್ರೆಂಡಾ, ಮನೇಲಿ ಬೈತಿರಲಿಲ್ವಾ ಇಷ್ಟು ದೂರ ಹೋಗೋಕೆ.

ಸೈಟ್ ಒಳಗೆ ಏನೇನಿದೆ ಅಂದ್ರೆ, ಒಂದು ಸಂದರ್ಶನಗಳು, ಇನ್ನೊಂದು ಫೋಟೋಗಳ ಡೇಟಾಬೇಸ್, ಮತ್ತೊಂದು ಆ ಫೋಟೋಗಳನ್ನೇ ಜೋಡಿಸಿ ಹಿನ್ನೆಲೆ ಧ್ವನಿ ಕೊಟ್ಟು ಮಾಡಿರೋ ಚಿಕ್ಕ ಚಿಕ್ಕ ಸಿನಿಮಾಗಳು, ಜೊತೆಗೆ ಬೇರೆ ಬೇರೆ ದೇಶದ ಮೇಷ್ಟ್ರುಗಳೇ ಬರೆದ ಪಾಠಯೋಜನೆಗಳು. ದೇಶದ ಪ್ರಕಾರ ಹುಡುಕಬಹುದು. ಇಂಗ್ಲಿಷ್ ಬಿಟ್ಟು ಯುರೋಪಿನ ಇನ್ನೂ ಕೆಲವು ಭಾಷೆಗಳಲ್ಲೂ ಸಾಮಗ್ರಿ ಇದೆ. ಕನ್ನಡದಲ್ಲಿ ಇಲ್ಲ, ಹಾಗಾಗಿ ಓದಿ ಕನ್ನಡದಲ್ಲಿ ಹೇಳೋ ಕೆಲಸ ನಮ್ಮದೇ. ಸಂದರ್ಶನಗಳು ಉದ್ದ ಇವೆ, ಕೆಲವಂತೂ ಸಣ್ಣ ಪುಸ್ತಕದಷ್ಟು, ಆದ್ರೆ ಮನೆತನ, ಬೆಳೆದದ್ದು, ಯುದ್ಧದ ಕಾಲ, ಯುದ್ಧದ ನಂತರ ಅಂತ ಭಾಗ ಮಾಡಿರೋದ್ರಿಂದ ಬೇಕಾದ್ದು ಬೇಗ ಸಿಗುತ್ತೆ.

ನನಗೆ ಬಹಳ ಇಷ್ಟವಾದದ್ದು ಪ್ರತಿ ಸಂದರ್ಶನದ ಕೊನೇಲಿರೋ ಟಿಪ್ಪಣಿಗಳು. ಮಾತಾಡ್ತಾ ಆ ಹಿರಿಯರು ಸುಮ್ನೆ ಹೇಳ್ಕೊಂಡು ಹೋಗೋ ಪಕ್ಷ, ಕಾನೂನು, ಯುವಸಂಘ, ಹಬ್ಬ, ಅದರ ಮೇಲೊಂದು ನಂಬರ್, ಕೆಳಗೆ ನಾಲ್ಕು ಸಾಲಿನ ವಿವರಣೆ. ಹೊರಗಿಂದ ಈ ಇತಿಹಾಸಕ್ಕೆ ಬರೋರಿಗೆ ಇದು ದೊಡ್ಡ ಉಪಕಾರ. ಉದಾಹರಣೆಗೆ ನ್ಯೂಮೆರಸ್ ಕ್ಲಾಸುಸ್. 1920ರಲ್ಲಿ ಹಂಗೇರಿ ತಂದ ಕಾನೂನು, ಯೂನಿವರ್ಸಿಟಿಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮಾಣವನ್ನ ಸುಮಾರು ಶೇಕಡಾ 6ಕ್ಕೆ ಇಳಿಸೋದಕ್ಕೆ ಮಾಡಿದ್ದು. ಇದನ್ನ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಕಾಪಿ ಮಾಡ್ಕೊಂಡು ಸುಮ್ಮನಾಗ್ತಾರೆ. ಅದರ ಬದಲು ಹಂಗೇರಿಯ ಒಬ್ಬ ಹುಡುಗ ಜೆಕೊಸ್ಲೊವಾಕಿಯಾದ ಬರ್ನೋದಲ್ಲೋ ಇಟಲಿಯಲ್ಲೋ ಕಾಲೇಜು ಓದ್ತಿದ್ದ ಅಂತ ಗೊತ್ತಾಗೋ ಫೋಟೋ ಕೊಟ್ಟು, ಊರಲ್ಲೇ ಯೂನಿವರ್ಸಿಟಿ ಇದ್ದಾಗ ಇವನ್ಯಾಕೆ ಅಷ್ಟು ದೂರ ಹೋದ ಅಂತ ಕೇಳಿ. ದುಡ್ಡಿತ್ತು ಅಂತಾರೆ, ಅಲ್ಲಿ ಓದು ಚೆನ್ನಾಗಿತ್ತು ಅಂತಾರೆ, ಲವ್ ಇತ್ತೇನೋ ಅಂತಾನೂ ಅಂತಾರೆ, ಕೊನೆಗೆ ಟಿಪ್ಪಣಿ ಓದಿದಾಗ ಕ್ಲಾಸ್ ತಣ್ಣಗಾಗುತ್ತೆ. ಹಿಟ್ಲರ್ ಅಧಿಕಾರಕ್ಕೆ ಬರೋ 13 ವರ್ಷ ಮುಂಚೆನೇ, ಬೇರೊಂದು ದೇಶದಲ್ಲಿ ಇದು ನಡೆದಿತ್ತು ಅನ್ನೋದು ಅವರಿಗೆ ಆ ಹುಡುಗನ ಮುಖದ ಜೊತೆನೇ ಮನಸ್ಸಲ್ಲಿ ಕೂರುತ್ತೆ.

ಫೋಟೋಗಳನ್ನ ಓದೋದು ಅಂದ್ರೆ ಹೇಗೆ ಅಂತ ಇಲ್ಲಿ ಸ್ವಲ್ಪ ಹೇಳ್ಬೇಕು. 1900ರ ಆಸುಪಾಸಿನ ಫೋಟೋಗಳು ಹೆಚ್ಚಿನವು ಸ್ಟುಡಿಯೋದಲ್ಲಿ ತೆಗೆದದ್ದು, ಹಿಂದೆ ಬಣ್ಣ ಬಳಿದ ಪರದೆ, ದಪ್ಪ ರಟ್ಟಿಗೆ ಅಂಟಿಸಿ ಕೆಳಗೆ ಸ್ಟುಡಿಯೋ ಹೆಸರು ಊರು ಅಚ್ಚು ಹಾಕಿರ್ತಾರೆ. ಆ ಅಚ್ಚನ್ನ ಮೊದಲು ಓದಿಸಿ. ಲೆಂಬರ್ಗ್ ಅಂತ ಇರುತ್ತೆ, ಮ್ಯಾಪಲ್ಲಿ ಹುಡುಕಿದ್ರೆ ಲೆಂಬರ್ಗ್ ಇಲ್ಲ. ಅದು ಈಗಿನ ಯುಕ್ರೇನಿನ ಲ್ವಿವ್. 1910ರಲ್ಲಿ ಆ ಊರಲ್ಲಿ ಹುಟ್ಟಿದೋರು ಆಸ್ಟ್ರಿಯಾ-ಹಂಗೇರಿಯ ಪ್ರಜೆ, ಮೊದಲ ಯುದ್ಧ ಮುಗಿದ ಮೇಲೆ ಪೋಲೆಂಡಿನ ಪ್ರಜೆ, 1939ರಲ್ಲಿ ಸೋವಿಯತ್ ಬಂತು, 1941ರಲ್ಲಿ ಜರ್ಮನ್ನರು ಬಂದ್ರು, 1944ರಲ್ಲಿ ಮತ್ತೆ ಸೋವಿಯತ್, 1991ರಿಂದ ಯುಕ್ರೇನ್. ಮನೆ ಬಿಟ್ಟು ಕದಲದೆ ಇಷ್ಟು ಬಾವುಟ ನೋಡಿದ ಊರು. ಒಂದೇ ಮನೆಯ ಆಲ್ಬಮ್ಮಿನಲ್ಲಿ ಅಜ್ಜನ ಫೋಟೋ ಮೇಲೆ ಜರ್ಮನ್, ಅಮ್ಮನ ಫೋಟೋ ಮೇಲೆ ಪೋಲಿಷ್, ಮೊಮ್ಮಗಳ ಸ್ಕೂಲ್ ಫೋಟೋ ಮೇಲೆ ರಷ್ಯನ್ ಅಕ್ಷರ ಬರೋದು ಇದಕ್ಕೇ. ಗಡಿ ಬದಲಾಯ್ತು ಅನ್ನೋದನ್ನ ನಾನು ಮ್ಯಾಪ್ ಇಟ್ಕೊಂಡು ಎಷ್ಟು ಹೊತ್ತು ವಿವರಿಸಿದ್ರೂ ಇಷ್ಟು ಸ್ಪಷ್ಟ ಆಗಲ್ಲ.

ಆಮೇಲೆ ಯೂನಿಫಾರ್ಮ್. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿ ಸೈನ್ಯದಲ್ಲಿ ಸುಮಾರು 3,00,000 ಯಹೂದಿ ಸೈನಿಕರಿದ್ರು. ಮೀಸೆ ತಿರುವಿ ಎದೆ ಮೇಲೆ ಮೆಡಲ್ ಹಾಕ್ಕೊಂಡು ನಿಂತ ಅಜ್ಜಂದಿರು ಈ ಸಂಗ್ರಹದಲ್ಲಿ ಮತ್ತೆ ಮತ್ತೆ ಸಿಗ್ತಾರೆ. ಚಕ್ರವರ್ತಿಗೋಸ್ಕರ ಹೋರಾಡಿದೋರು ನಾವು, ನಮಗ್ಯಾರು ಏನ್ ಮಾಡ್ತಾರೆ ಅಂತ ಹಿಟ್ಲರ್ ಆಸ್ಟ್ರಿಯಾ ಹಿಡಿದ 1938ರಲ್ಲೂ ನಂಬಿದ್ದ ಜನ ಅವರಲ್ಲಿ ಬಹಳ. ಯಾಕೆ ಮೊದಲೇ ದೇಶ ಬಿಟ್ಟು ಓಡಿಹೋಗಲಿಲ್ಲ ಅಂತ ಮಕ್ಕಳು ಪ್ರತಿ ವರ್ಷ ಕೇಳ್ತಾರೆ, ಕೇಳೋದು ಸಹಜಾನೇ, ಆದ್ರೆ ಆ ಪ್ರಶ್ನೆಯಲ್ಲಿ ಗೊತ್ತಿಲ್ಲದೆ ಸತ್ತೋರ ಮೇಲೇ ತಪ್ಪು ಹೊರಿಸೋ ಧಾಟಿ ಇರುತ್ತೆ. ಈ ಮೆಡಲ್ ಫೋಟೋ ನೋಡಿದ ಮೇಲೆ, ವೀಸಾ ಕೊಡೋ ದೇಶಗಳು ಎಷ್ಟು ಕಮ್ಮಿ ಇದ್ವು, ಬ್ರಿಟನ್ ಸುಮಾರು 10,000 ಮಕ್ಕಳನ್ನ, ಅವರನ್ನ ಪಾರು ಮಾಡೋ ಯೋಜನೆಯಾದ ಕಿಂಡರ್‌ಟ್ರಾನ್ಸ್‌ಪೋರ್ಟ್‌ನಲ್ಲಿ ತಗೊಂಡ್ರೂ ಹೆಚ್ಚಿನ ಅಪ್ಪಅಮ್ಮಂದಿರಿಗೆ ಜೊತೆಗೆ ಬರೋ ದಾರಿ ಇರಲಿಲ್ಲ ಅಂತ ಹೇಳಿದ ಮೇಲೆ, ಆ ಪ್ರಶ್ನೆಯ ಧಾಟಿ ಬದಲಾಗುತ್ತೆ. ಮೊದಲ ಸಲ ಬದಲಾದದ್ದು ನೋಡಿದಾಗ ನನಗೆ ತುಂಬಾ ಸಮಾಧಾನ ಆಗಿತ್ತು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡಿರೋ ವಿಷಯ. ಹೊಲೊಕಾಸ್ಟ್ ಅಂದ್ರೆ ನೆಟ್ಟಲ್ಲಿ ಸಿಗೋ ಫೋಟೋಗಳಲ್ಲಿ ಬಹಳಷ್ಟು ತೆಗೆದೋರು ಯಾರು ಗೊತ್ತಾ, ಕೊಂದೋರೇ. ಘೆಟ್ಟೋಗಳ, ಅಂದ್ರೆ ಯಹೂದಿಗಳನ್ನ ಕೂಡಿಹಾಕಿದ್ದ ಕೇರಿಗಳ, ಫೋಟೋಗಳಲ್ಲಿ ಹೆಚ್ಚಿನವು ಜರ್ಮನ್ ಸೈನಿಕರು, ಪ್ರಚಾರ ವಿಭಾಗದೋರು ತೆಗೆದದ್ದು. ಅಂದ್ರೆ ನಾವು ಮಕ್ಕಳಿಗೆ ಆ ಜನರನ್ನ ಅವರನ್ನ ದ್ವೇಷಿಸಿದೋರ ಕ್ಯಾಮೆರಾ ಮೂಲಕ ಪರಿಚಯ ಮಾಡಿಸ್ತಿದೀವಿ. ಹಸಿದು, ಹರಿದ ಬಟ್ಟೆಯಲ್ಲಿ, ಹೆಸರಿಲ್ಲದೆ, ಗುಂಪಾಗಿ. ಮನೆ ಆಲ್ಬಮ್ಮಿನ ಫೋಟೋದಲ್ಲಿ ಹಾಗಲ್ಲ, ಅಲ್ಲಿ ಅವರು ಹೇಗೆ ಕಾಣಬೇಕು ಅಂತ ಅವರೇ ಆರಿಸ್ಕೊಂಡಿದಾರೆ, ಒಳ್ಳೇ ಕೋಟು ಹಾಕ್ಕೊಂಡು, ತಲೆ ಬಾಚ್ಕೊಂಡು, ಮಗೂಗೆ ಸೇಲರ್ ಸೂಟ್ ತೊಡಿಸಿ.

ಈ ವ್ಯತ್ಯಾಸ ತೋರಿಸೋಕೆ ನಾನು ಸೆಂಟ್ರೋಪಾ ಜೊತೆ ಇಸ್ರೇಲಿನ ಹೊಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಶೆಮ್‌ನ ಆಶ್‌ವಿಟ್ಜ್ ಆಲ್ಬಂ ಇಡ್ತೀನಿ. ಅದು 1944ರ ಮೇ-ಜೂನ್ ಸುಮಾರಿಗೆ ಹಂಗೇರಿ ಕಡೆಯ ಯಹೂದಿಗಳನ್ನ ರೈಲಲ್ಲಿ ತಂದು, ಆಶ್‌ವಿಟ್ಜ್ ಕೊಲೆ ಕ್ಯಾಂಪಿನ ಭಾಗವಾಗಿದ್ದ ಬಿರ್ಕೆನೌ ಪ್ಲಾಟ್‌ಫಾರ್ಮಲ್ಲಿ ಇಳಿಸಿದಾಗ ನಾಜಿಗಳ ಪಡೆಯಾದ ಎಸ್‌ಎಸ್‌ನೋರು ತೆಗೆದ ಸುಮಾರು 200 ಫೋಟೋಗಳ ಆಲ್ಬಂ. 1945ರಲ್ಲಿ ಬಿಡುಗಡೆ ಆದ ಹೊತ್ತಲ್ಲಿ ಡೋರಾ ಅನ್ನೋ ನಾಜಿ ಕ್ಯಾಂಪಿನಲ್ಲಿದ್ದ ಲಿಲಿ ಜೇಕಬ್ ಅನ್ನೋ ಹುಡುಗಿಗೆ ಅದು ಸಿಕ್ತು. ತೆರೆದು ನೋಡಿದ್ರೆ ಅದರಲ್ಲಿ ಅವಳ ಊರಿನೋರು, ಅವಳ ಊರಿನ ರಬ್ಬಿ ಅಂದ್ರೆ ಧರ್ಮಗುರು, ಅವಳ ಇಬ್ಬರು ಸ್ವಂತ ತಮ್ಮಂದಿರು, ಒಂದು ಫೋಟೋದಲ್ಲಿ ಅವಳೇ. ಈ ಆಲ್ಬಮ್ಮನ್ನ ಅವರು 1980ರಲ್ಲಿ ಯಾದ್ ವಶೆಮ್‌ಗೆ ಕೊಟ್ರು. ಎಸ್‌ಎಸ್ ಕ್ಯಾಮೆರಾಗೆ ಆ ಇಬ್ಬರು ಹುಡುಗರು ಯಾರೋ ಬಂದಿಳಿದ ಗುಂಪಿನ ಭಾಗ, ಅಕ್ಕನ ಕಣ್ಣಿಗೆ ಬಿದ್ದ ಕ್ಷಣ ಅವರಿಗೆ ಹೆಸರು ಬಂತು, ಮನೆ ಬಂತು, ವಯಸ್ಸು ಬಂತು. ಫೋಟೋ ಅದೇ, ಬದಲಾದದ್ದು ಅದನ್ನ ನೋಡಿ ಹೇಳಿದ ಮನುಷ್ಯ. ಸೆಂಟ್ರೋಪಾ ಮಾಡಿರೋ ಕೆಲಸ ಇದನ್ನೇ, ಸಾವಿರಾರು ಫೋಟೋಗಳಿಗೆ. ಬರೀ ಹಳೇ ಫೋಟೋ ಬೇಕು ಅಂದ್ರೆ ನೂರು ಕಡೆ ಸಿಗುತ್ತೆ, ಸಂತೆಯಲ್ಲೂ ಸಿಗುತ್ತೆ, ಆದ್ರೆ ಹೆಸರು ಹೇಳೋರು ತೀರಿಹೋದ ಮೇಲೆ ಅವು ಮೂಕ. ಇಲ್ಲಿ ಪ್ರತಿ ಚಿತ್ರದ ಕೆಳಗೆ ಇದು ನಮ್ಮ ಚಿಕ್ಕಮ್ಮ, ಟೋಪಿ ಹೊಲೀತಿದ್ರು, ಬಹಳ ಜೋರು, ಅನ್ನೋ ಥರದ ಮಾತಿದೆ. ಆ ಜೋರು ಅನ್ನೋದೇ ಮಕ್ಕಳು ಮನೆಗೆ ತಗೊಂಡು ಹೋಗೋದು.

ಇದೇ ಸಾಲಲ್ಲಿ ವಾಷಿಂಗ್ಟನ್ ಹೊಲೊಕಾಸ್ಟ್ ಮ್ಯೂಸಿಯಂನಲ್ಲಿರೋ ಫೋಟೋ ಗೋಪುರದ ಬಗ್ಗೆನೂ ಹೇಳ್ಲೇಬೇಕು. ಈಗ ಲಿಥುವೇನಿಯಾದಲ್ಲಿರೋ ಐಶಿಶೋಕ್ ಅನ್ನೋ ಒಂದೇ ಊರಿನ ಸುಮಾರು ಸಾವಿರ ಫೋಟೋ, ಮದುವೆ, ಪಿಕ್‌ನಿಕ್, ಸೈಕಲ್, ಸ್ಕೂಲು. ಸಂಗ್ರಹಿಸಿದೋರು ಯಾಫಾ ಎಲಿಯಾಖ್, ಅವರ ಅಜ್ಜ ಅಜ್ಜಿನೇ ಆ ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ರು. 1941ರ ಸೆಪ್ಟೆಂಬರಲ್ಲಿ ಎರಡೇ ದಿನದಲ್ಲಿ ಆ ಊರಿನ ಯಹೂದಿ ಸಮುದಾಯ ಇಲ್ಲವಾಯ್ತು. ಹೊರದೇಶದ ನೆಂಟರಿಗೆ ಕಳಿಸಿದ್ದ, ಬದುಕಿ ಉಳಿದೋರು ಹೇಗೋ ಕಾಪಾಡ್ಕೊಂಡಿದ್ದ ಫೋಟೋಗಳನ್ನ ಹುಡುಕಿ ಹುಡುಕಿ ಸೇರಿಸಿದಾರೆ. ಮಕ್ಕಳಿಗೆ ಇದನ್ನೂ ಕೇಳಿ, ಮನೆ ಹೋಯ್ತು, ಜನ ಹೋದ್ರು, ಹಾಗಿದ್ರೆ ಈ ಫೋಟೋ ಹೇಗೆ ಉಳೀತು ಅಂತ. ಎಷ್ಟೋ ಸಲ ಫೋಟೋ ಉಳಿದ ಕಥೆನೇ ಒಂದು ಪೂರ್ತಿ ಪೀರಿಯಡ್ ತಗೊಳ್ಳುತ್ತೆ, ಪಕ್ಕದ ಮನೆಯೋರು ಬಚ್ಚಿಟ್ಟಿದ್ದು, ಅಮೆರಿಕದ ಅತ್ತೆಗೆ 1930ರಲ್ಲಿ ಪೋಸ್ಟಲ್ಲಿ ಕಳಿಸಿದ್ದು, ಕೋಟಿನ ಒಳಗೆ ಹೊಲ್ಕೊಂಡಿದ್ದು.

ಬಾಲ್ಕನ್ ಕಡೆಯ ಸಾಮಗ್ರಿ ಬಗ್ಗೆ ಬೇರೆಯಾಗಿ ಹೇಳ್ತೀನಿ, ಯಾಕಂದ್ರೆ ಯಹೂದಿ ಇತಿಹಾಸ ಅಂದ್ರೆ ಪೋಲೆಂಡ್ ಜರ್ಮನಿ ಅಷ್ಟೇ ಅಂತ ಪಾಠಗಳು ನಿಂತುಬಿಡ್ತವೆ. 1492ರಲ್ಲಿ ಸ್ಪೇನಿಂದ ಹೊರಹಾಕಿಸಿಕೊಂಡ ಯಹೂದಿಗಳಲ್ಲಿ ಬಹಳಷ್ಟು ಜನ ಆಟೊಮನ್ ಸಾಮ್ರಾಜ್ಯಕ್ಕೆ ಬಂದು ಥೆಸಲೊನಿಕಿ, ಸರಾಯೆವೊ, ಬಲ್ಗೇರಿಯಾದ ಊರುಗಳಲ್ಲಿ ನೆಲೆ ನಿಂತ್ರು, ನಾಲ್ಕು ನೂರು ವರ್ಷ ಆದ್ಮೇಲೂ ಮನೇಲಿ ಹಳೇ ಸ್ಪ್ಯಾನಿಷಿನಿಂದ ಬಂದ ಲದೀನೊ ಆಡ್ತಿದ್ರು. ಸಂದರ್ಶನಗಳಲ್ಲಿ ಅಜ್ಜಿ ಹೇಳ್ತಿದ್ದ ಗಾದೆ, ಹಾಡು, ಶುಕ್ರವಾರದ ಅಡುಗೆ ಎಲ್ಲ ಬರುತ್ತೆ. ಥೆಸಲೊನಿಕಿಯಲ್ಲಿ ಯುದ್ಧಕ್ಕೆ ಮುಂಚೆ ಸುಮಾರು 50,000 ಯಹೂದಿಗಳಿದ್ರು, 1943ರ ಮಾರ್ಚಿಂದ ಶುರುವಾಗಿ ಕೆಲವೇ ತಿಂಗಳಲ್ಲಿ ಅವರಲ್ಲಿ ಬಹುಪಾಲು ಜನರನ್ನ ಆಶ್‌ವಿಟ್ಜ್‌ಗೆ ಸಾಗಿಸಿದ್ರು, ಅದಕ್ಕೆ ಮುಂಚೆ 1942ರ ಡಿಸೆಂಬರಲ್ಲಿ ಅವರ ಹಳೇ ಸ್ಮಶಾನಾನೇ ಒಡೆದುಹಾಕಿದ್ರು, ಈಗ ಆ ಜಾಗದಲ್ಲಿ ಯೂನಿವರ್ಸಿಟಿ ಇದೆ.

ಬಲ್ಗೇರಿಯಾದ ಕಥೆ ಮಕ್ಕಳನ್ನ ನಿಜವಾಗ್ಲೂ ಯೋಚನೆಗೆ ಹಚ್ಚುತ್ತೆ. ದೇಶದ ಒಳಗಿನ ಸುಮಾರು 48,000 ಯಹೂದಿಗಳನ್ನ ನಾಜಿಗಳಿಗೆ ಒಪ್ಪಿಸಲಿಲ್ಲ, ಸಂಸದರು, ಚರ್ಚಿನ ಹಿರಿಯರು, ಸಾಮಾನ್ಯ ಜನ ವಿರೋಧ ಮಾಡಿದ್ರು. ಅದೇ ಸರ್ಕಾರ ತಾನು ಆಕ್ರಮಿಸಿಕೊಂಡಿದ್ದ ಥ್ರೇಸ್, ಮ್ಯಾಸಿಡೋನಿಯಾ ಕಡೆಯಿಂದ 11,000ಕ್ಕೂ ಹೆಚ್ಚು ಜನರನ್ನ 1943ರ ಮಾರ್ಚಲ್ಲಿ ಒಪ್ಪಿಸ್ತು. ಸೋಫಿಯಾದ ಯಹೂದಿಗಳನ್ನ ಊರು ಬಿಡಿಸಿ ಹಳ್ಳಿ ಪಟ್ಟಣಗಳಿಗೆ ಅಟ್ಟಿದ್ರು, ಗಂಡಸರನ್ನ ರಸ್ತೆ ಹಾಕೋ ಕೂಲಿ ಕೆಲಸಕ್ಕೆ ಕಳಿಸಿದ್ರು. ಆ ಲೇಬರ್ ಕ್ಯಾಂಪಲ್ಲಿ ಗುದ್ದಲಿ ಹಿಡಿದು ನಿಂತ ಯುವಕರ ಗುಂಪು ಫೋಟೋಗಳು ಸಂಗ್ರಹದಲ್ಲಿವೆ. ಬಲ್ಗೇರಿಯಾ ಒಳ್ಳೇದಾ ಕೆಟ್ಟದ್ದಾ ಸರ್ ಅಂತ ಒಬ್ಬ ಹುಡುಗ ಕೇಳಿದ್ದ. ನಾನು ಉತ್ತರ ಕೊಡದೆ ಎರಡು ಸಂದರ್ಶನದ ತುಣುಕು ಕೊಟ್ಟು ಓದು ಅಂದೆ. ಉತ್ತರ ಅವನೇ ಬರ್ಕೊಂಡು ಬಂದ, ಅದರಲ್ಲಿ ಹೌದು ಇಲ್ಲ ಎರಡೂ ಇರಲಿಲ್ಲ, ಯಾರು ಯಾರಿಗೋಸ್ಕರ ನಿಂತರು ಯಾರಿಗೋಸ್ಕರ ನಿಲ್ಲಲಿಲ್ಲ ಅಂತ ಬರೆದಿದ್ದ.

ಸರಾಯೆವೊ ಬಗ್ಗೆ ಒಂದು ಫೋಟೋ ಇದೆ, ಯಾದ್ ವಶೆಮ್ ಸೈಟಲ್ಲಿ ನೋಡಬಹುದು, 1941ರದ್ದು. ಬೀದಿಯಲ್ಲಿ ಹೆಂಗಸರು ಮಕ್ಕಳು ನಡ್ಕೊಂಡು ಹೋಗ್ತಿದಾರೆ, ಅವರಲ್ಲಿ ಜೈನೆಬಾ ಹರ್ದಗಾ ಅನ್ನೋ ಮುಸ್ಲಿಂ ಮಹಿಳೆ ತನ್ನ ಮುಸುಕಿನಿಂದ ಪಕ್ಕದಲ್ಲಿರೋ ರಿವ್ಕಾ ಕಬಿಲ್ಯೊ ತೋಳಿನ ಮೇಲಿದ್ದ, ಯಹೂದಿ ಅಂತ ಗುರುತಿಸೋ ಹಳದಿ ನಕ್ಷತ್ರವನ್ನ ಮುಚ್ಚಿದಾರೆ. ಬಾಂಬಿಗೆ ಮನೆ ಕಳ್ಕೊಂಡ ಕಬಿಲ್ಯೊ ಕುಟುಂಬಕ್ಕೆ ಹರ್ದಗಾ ಮನೆಯೋರು ಆಶ್ರಯ ಕೊಟ್ಟಿದ್ರು. ಐವತ್ತು ವರ್ಷ ಆದ್ಮೇಲೆ ಬೋಸ್ನಿಯಾ ಯುದ್ಧದಲ್ಲಿ ಅದೇ ಸರಾಯೆವೊ ಮುತ್ತಿಗೆಯಲ್ಲಿ ಸಿಕ್ಕಾಗ, 1994ರಲ್ಲಿ ಜೈನೆಬಾ ಅವರನ್ನ ಕುಟುಂಬ ಸಮೇತ ಇಸ್ರೇಲಿಗೆ ಕರ್ಕೊಂಡು ಹೋದ್ರು. ಆ ಮುತ್ತಿಗೆ ಕಾಲದಲ್ಲಿ ಊರಿನ ಯಹೂದಿ ಸಮುದಾಯದ ಲಾ ಬೆನೆವೊಲೆನ್ಸಿಯಾ, ಅದು 1892ರಷ್ಟು ಹಳೇ ಸಂಸ್ಥೆ, ಔಷಧಿ ಅಂಗಡಿ, ಉಚಿತ ಊಟದ ಮನೆ ನಡೆಸ್ತು, ಅಲ್ಲಿ ಯಹೂದಿ, ಮುಸ್ಲಿಂ, ಸರ್ಬ್, ಕ್ರೊಯಾಟ್ ಎಲ್ಲರೂ ಒಟ್ಟಿಗೆ ಕೆಲಸ ಮಾಡಿದ್ರು, ಎಲ್ಲರಿಗೂ ಕೊಟ್ರು. ಸೆರೋಟಾ ಅದನ್ನ ಅಲ್ಲೇ ಇದ್ದು ಫೋಟೋ ತೆಗೆದೋರು, ಹಾಗಾಗಿ ಸೆಂಟ್ರೋಪಾದಲ್ಲಿ ಈ ಭಾಗದ ಸಾಮಗ್ರಿ ಬಹಳ ಗಟ್ಟಿ. ಯಹೂದಿಗಳು ಅಂದ್ರೆ ಯಾವಾಗ್ಲೂ ಇನ್ನೊಬ್ಬರ ಸಹಾಯ ಕಾಯ್ಕೊಂಡಿದ್ದೋರು ಅನ್ನೋ ಕಲ್ಪನೆ ಮುರಿಯೋಕೆ ನನಗೆ ಇದಕ್ಕಿಂತ ಒಳ್ಳೇ ಪಾಠ ಸಿಕ್ಕಿಲ್ಲ.

ಇನ್ನೊಂದು ಒಳ್ಳೇ ಅಂಶ, ಕಥೆ 1945ಕ್ಕೆ ನಿಲ್ಲಲ್ಲ. ಸೋವಿಯತ್ ಕಡೆಯ ಸಂದರ್ಶನಗಳಲ್ಲಿ ರೆಡ್ ಆರ್ಮಿಯಲ್ಲಿ ಯುದ್ಧ ಮಾಡಿ ಮೆಡಲ್ ತಗೊಂಡು ಮನೆಗೆ ಬಂದ ಮನುಷ್ಯ, ಪಾಸ್‌ಪೋರ್ಟಿನ ಐದನೇ ಸಾಲಲ್ಲಿ ಯಹೂದಿ ಅಂತ ಬರೆದಿರೋದಕ್ಕೆ ಕೆಲಸ ಸಿಗದೆ ಒದ್ದಾಡಿದ್ದು ಬರುತ್ತೆ. 1953ರ ಜನವರಿಯಲ್ಲಿ, ಸೋವಿಯತ್ ನಾಯಕರನ್ನ ಕೊಲ್ಲೋಕೆ ಡಾಕ್ಟರ್‌ಗಳ ಪಿತೂರಿ ಅಂತ ಸುದ್ದಿ ಎಬ್ಬಿಸಿದಾಗ ಯಹೂದಿ ಡಾಕ್ಟರ್‌ಗಳ ಹತ್ರ ಹೋಗೋಕೆ ಜನ ಹೆದರಿದ್ದು, ಮಾರ್ಚಲ್ಲಿ ಸ್ಟಾಲಿನ್ ಸತ್ತ ಮೇಲೆ ಆ ಕೇಸ್ ಬಿದ್ದುಹೋದದ್ದು, ಎಲ್ಲ ಮನೆಯೊಳಗಿನ ಮಾತಾಗಿ ಬರುತ್ತೆ. ಪಠ್ಯದಲ್ಲಿ ಇದಕ್ಕೆ ಒಂದು ಸಾಲೂ ಇರಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ, ಬಳಸೋ ಮೇಷ್ಟ್ರು ಎಚ್ಚರ ಇರಬೇಕು. ಒಂದು, ಇಲ್ಲಿ ಮಾತಾಡಿರೋರೆಲ್ಲ ಬದುಕಿ ಉಳಿದೋರು, ಅದರಲ್ಲೂ ಯುದ್ಧ ಆದ್ಮೇಲೆ ಅದೇ ದೇಶಗಳಲ್ಲೇ ಉಳ್ಕೊಂಡೋರು. ಉಳಿದೋರಲ್ಲಿ ಬಹಳ ಜನ ಇಸ್ರೇಲಿಗೋ ಅಮೆರಿಕಕ್ಕೋ ಹೋಗಿದ್ರು. ಹಾಗಾಗಿ ಬರೀ ಈ ಕಥೆಗಳನ್ನೇ ಓದಿದ ಮಗು, ಹೇಗೋ ಏನೋ ತಪ್ಪಿಸ್ಕೊಂಡ್ರಲ್ಲ ಅಂತ ಅಂದ್ಕೊಂಡುಬಿಡಬಹುದು. ಪೋಲೆಂಡಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ ಸುಮಾರು 30 ಲಕ್ಷ ಜನ ಕೊಲೆಯಾದ್ರು, ಇದು ಮರೀಬಾರದು. ಅದಕ್ಕೆ ನಾನು ಯಾವಾಗ್ಲೂ ಒಂಟಿ ಫೋಟೋ ಕೊಡಲ್ಲ, ಕ್ಲಾಸ್ ಗ್ರೂಪ್ ಫೋಟೋನೋ ಮದುವೆ ಫೋಟೋನೋ ಕೊಡ್ತೀನಿ, ಕೆಳಗಿನ ವಿವರಣೆಯಲ್ಲಿ ಒಬ್ಬೊಬ್ಬರೂ ಏನಾದ್ರು ಅಂತ ಹೇಳಿರೋದನ್ನ ಮಕ್ಕಳೇ ಗಟ್ಟಿಯಾಗಿ ಓದ್ತಾರೆ.

ಎರಡು, ನೆನಪು ಅಂದ್ರೆ ನೆನಪು. ಎಂಬತ್ತೈದರ ವಯಸ್ಸಲ್ಲಿ ಹೇಳಿದ ವರ್ಷ, ತಿಂಗಳು ಅಷ್ಟು ನಂಬೋ ಹಾಗಿರಲ್ಲ, ಚಿಕ್ಕವರಿದ್ದಾಗ ನಡೆದದ್ದು ದೊಡ್ಡವರು ಹೇಳಿದ್ದು ಎರಡೂ ಕಲೆಸಿಹೋಗಿರುತ್ತೆ. ಇದು ಸಂಗ್ರಹದ ತಪ್ಪಲ್ಲ, ಬಾಯಿಮಾತಿನ ಇತಿಹಾಸದ ಸ್ವಭಾವ. ಇದನ್ನ ಮಕ್ಕಳಿಗೆ ಮುಚ್ಚಿಡಬಾರದು. ಸಂದರ್ಶನದಲ್ಲಿ ಬಂದ ಘಟನೆಯ ತಾರೀಖನ್ನ ಬೇರೆ ದಾಖಲೆ ಜೊತೆ ಹೋಲಿಸಿ ನೋಡೋಕೆ ಹೇಳಿ. ತಾರೀಖು ತಪ್ಪಿದ್ರೂ ಆವತ್ತು ಅಮ್ಮ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ಲು ಅನ್ನೋ ಥರದ ಮಾತು ಇನ್ಯಾವ ದಾಖಲೆಯಲ್ಲೂ ಇರಲ್ಲ ಅಂತ ಅವರಿಗೇ ಗೊತ್ತಾಗುತ್ತೆ.

ಮೂರನೇದು, ಸಂದರ್ಶನ ಪೂರ್ತಿ ಕೊಟ್ಟು ಓದ್ಕೊಂಡು ಬನ್ನಿ ಅಂದ್ರೆ ಮಕ್ಕಳು ಓದಲ್ಲ. ನೀವೇ ಓದಿ ಒಂದೆರಡು ಪುಟ ಆರಿಸ್ಬೇಕು, ಅದಕ್ಕೆ ಸಮಯ ಬೇಕೇ ಬೇಕು. ಪಾಠಯೋಜನೆಗಳು ಚೆನ್ನಾಗಿವೆ, ಆದ್ರೆ ಬಹಳಷ್ಟು ಅಮೆರಿಕ ಯುರೋಪಿನ ಕ್ಲಾಸುಗಳಿಗೆ ಅಂತ ಬರೆದದ್ದು, ಶಬ್ಬತ್ ಅಂದ್ರೇನು, ಸಿನಗಾಗಲ್ಲಿ ಏನ್ ನಡೆಯುತ್ತೆ, ಬಾರ್ ಮಿಟ್ಸ್ವಾ ಯಾವ ವಯಸ್ಸಿಗೆ, ಇಷ್ಟು ಮೊದಲೇ ಹೇಳಿಕೊಡದೆ ನೇರ ಬಳಸೋಕೆ ಆಗಲ್ಲ.

ವಿಡಿಯೋನೇ ಬೇಕು ಅನ್ನೋರಿಗೆ ಯುಎಸ್‌ಸಿ ಶೋವಾ ಫೌಂಡೇಶನ್‌ನ ಐವಿಟ್‌ನೆಸ್ ಇದೆ. ಸ್ಪೀಲ್‌ಬರ್ಗ್ 1994ರಲ್ಲಿ ಶುರು ಮಾಡಿದ ಸಂಸ್ಥೆ, 50,000ಕ್ಕೂ ಹೆಚ್ಚು ಸಾಕ್ಷಿಗಳ ವಿಡಿಯೋ ಅವರ ಹತ್ರ ಇದೆ, ಅದರಲ್ಲಿ ಆಯ್ದದ್ದನ್ನ ಸ್ಕೂಲಿಗೆ ಹೊಂದೋ ಹಾಗೆ ಕೊಡ್ತಾರೆ. ಅಲ್ಲೂ ಹಳೇ ಸಂದರ್ಶನಗಳ ಕೊನೇಲಿ ಅವರು ತಮ್ಮ ಫೋಟೋಗಳನ್ನ ಕ್ಯಾಮೆರಾಗೆ ತೋರಿಸಿ ವಿವರಿಸ್ತಾರೆ, ಆ ಕೊನೇ ಭಾಗವನ್ನ ಬಿಡಬೇಡಿ, ಬಹಳ ಜನ ಅಲ್ಲಿಗೆ ಬರೋಷ್ಟರಲ್ಲಿ ನಿಲ್ಲಿಸಿರ್ತಾರೆ. ಮುಖ ನೋಡ್ಬೇಕು ಧ್ವನಿ ಕೇಳ್ಬೇಕು ಅಂದಾಗ ಐವಿಟ್‌ನೆಸ್, ಒಂದು ಮನೆತನದ ಕಾಲು ಶತಮಾನ ಅರ್ಧ ಶತಮಾನದ ಬದುಕನ್ನ ನಿಧಾನವಾಗಿ ಬಿಡಿಸಿ ನೋಡ್ಬೇಕು ಅಂದಾಗ ಸೆಂಟ್ರೋಪಾ, ನಾನು ಹೀಗೆ ಬಳಸ್ತೀನಿ.

ಈ ಪಾಠ ಆದ್ಮೇಲೆ ನಿಮ್ಮ ಮನೆ ಹಳೇ ಫೋಟೋ ತನ್ನಿ, ಅಜ್ಜಿ ಹತ್ರ ಕೇಳ್ಕೊಂಡು ಬನ್ನಿ ಅನ್ನೋ ಅಸೈನ್‌ಮೆಂಟ್ ಕೊಡೋಕೆ ಎಲ್ಲ ಮೇಷ್ಟ್ರಿಗೂ ಆಸೆ ಆಗುತ್ತೆ. ಕೊಡಿ, ಒಳ್ಳೇದೇ, ಕೇಳೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತೆ. ಆದ್ರೆ ಕಡ್ಡಾಯ ಮಾಡಬೇಡಿ. ಫೋಟೋನೇ ಇಲ್ಲದ ಮನೆಗಳಿವೆ, ದತ್ತು ಮಕ್ಕಳಿದಾರೆ, ಅಪ್ಪ ಬಿಟ್ಟುಹೋದ ಮನೆಗಳಿವೆ, ಅಂಥ ಮಗು ಎಲ್ಲರ ಮುಂದೆ ನಿಂತು ಏನ್ ಹೇಳ್ಬೇಕು. ಬೇಡ ಅನ್ನೋರಿಗೆ ಸೆಂಟ್ರೋಪಾದಿಂದಲೇ ಒಂದು ಮನೆತನ ಆರಿಸಿ ಅದರ ಬಗ್ಗೆ ಬರೆಯೋ ಅವಕಾಶ ಕೊಡಿ. ಇನ್ನೊಂದು, ನಮ್ಮ ಮನೇಲೂ ಹೀಗೇ ಕಷ್ಟ ಆಗಿತ್ತು ಅಂತ ಎಲ್ಲ ಕಷ್ಟಗಳನ್ನೂ ಹೊಲೊಕಾಸ್ಟ್ ಪಕ್ಕ ಇಟ್ಟು ಅಳೆಯೋಕೆ ಬಿಡಬೇಡಿ, ಅದು ಎರಡಕ್ಕೂ ನ್ಯಾಯ ಅಲ್ಲ. ನಾಟಕ ಮಾಡಿಸೋದು, ಒಬ್ಬರು ಗಾರ್ಡ್ ಒಬ್ಬರು ಕೈದಿ ಅಂತ ಆಡಿಸೋದು, ದಯವಿಟ್ಟು ಖಂಡಿತ ಬೇಡ.

ಹೊಸದಾಗಿ ಶುರು ಮಾಡೋರಿಗೆ: ಹದಿಮೂರರ ಮೇಲಿನ ಮಕ್ಕಳಾದ್ರೆ ಒಂದು ಚಿಕ್ಕ ಸಿನಿಮಾದಿಂದ ಶುರು ಮಾಡಿ, ಮುಂಚೆನೇ ನೀವೊಬ್ಬರೇ ಪೂರ್ತಿ ನೋಡಿ, ಯಾವ ಕಡೆ ನಿಲ್ಲಿಸಬೇಕು ಅಂತ ಗುರುತು ಹಾಕ್ಕೊಳ್ಳಿ. ಅದಕ್ಕಿಂತ ಚಿಕ್ಕವರಾದ್ರೆ ಸಿನಿಮಾ ಬೇಡ, ಯುದ್ಧಕ್ಕೆ ಮುಂಚಿನ ಸ್ಕೂಲು ಹಬ್ಬ ಆಟದ ಫೋಟೋಗಳು ಸಾಕು. ಪೀರಿಯಡ್ ಮುಗಿಯೋ ಹತ್ತು ನಿಮಿಷ ಮುಂಚೆ ಭಾರವಾದ ಭಾಗ ಮುಗಿಸಿಬಿಡಿ, ಬೆಲ್ ಹೊಡೆದ ತಕ್ಷಣ ಮಕ್ಕಳನ್ನ ಹಾಗೇ ಕಾರಿಡಾರಿಗೆ ಕಳಿಸಬಾರದು, ಮಾತಾಡೋಕೆ ಜಾಗ ಬೇಕು. ಫೋಟೋಗಳನ್ನ ಕ್ಲಾಸಲ್ಲಿ ತೋರಿಸೋದು ಬೇರೆ, ಸ್ಕೂಲ್ ಮ್ಯಾಗಝೀನಲ್ಲೋ ಸೋಶಿಯಲ್ ಮೀಡಿಯಾದಲ್ಲೋ ಹಾಕೋದು ಬೇರೆ, ಹಾಕೋ ಮುಂಚೆ ಸೆಂಟ್ರೋಪಾದವರಿಗೆ ಬರೆದು ಅನುಮತಿ ಕೇಳಿ, ಹಾಕಿದ್ರೆ ಫೋಟೋದಲ್ಲಿರೋರ ಹೆಸರು ಬಿಡದೆ ಹಾಕಿ.